ಸುಮ್ಮನೆ ತೆರೆಯುವ ಮೂರು ಖಾನೆಗಳು

ಕೈಗೆಟಕುವಲ್ಲಿರುವ ಒಂದು ಅಂಕಿಯನ್ನು ತರಲು ಪ್ರೊಸೆಸರಿಗೆ ತನ್ನ ಗಡಿಯಾರದ ಎರಡು ಟಿಕ್ ಸಾಕು. ಅದೇ ಅಂಕಿ ದೂರದ ಮೆಮೊರಿಯಲ್ಲಿದ್ದರೆ ಅರವತ್ತು ಟಿಕ್ ಬೇಕು, ಬ್ಯಾಟರಿಯೂ ಮೂವತ್ತು ಪಟ್ಟು ಕರಗುತ್ತದೆ. ಅದಕ್ಕೇ ಪದೇ ಪದೇ ಬೇಕಾಗುವುದನ್ನು ಪಕ್ಕದಲ್ಲೇ ಇಟ್ಟುಕೊಳ್ಳಲು ಒಂದು ಪುಟ್ಟ ಜಾಗ ಮಾಡಿರುತ್ತಾರೆ. ಅದರ ಹೆಸರು ಕ್ಯಾಶ್. ಅದರಲ್ಲೂ ಒಂದು ದುಂದುಗಾರಿಕೆ ಇದೆ. ಬೇಕಾದ ಅಂಕಿ ನಾಲ್ಕು ಖಾನೆಗಳಲ್ಲಿ ಯಾವುದರಲ್ಲಾದರೂ ಇರಬಹುದು. ಒಂದೊಂದಾಗಿ ಹುಡುಕಲು ಪುರುಸೊತ್ತಿಲ್ಲ. ಹಾಗಾಗಿ ಪ್ರೊಸೆಸರ್ ನಾಲ್ಕನ್ನೂ ಒಟ್ಟಿಗೆ ತೆರೆದು, ಒಂದರಿಂದ ತೆಗೆದುಕೊಂಡು, ಉಳಿದ ಮೂರನ್ನು ಸುಮ್ಮನೆ ಮುಚ್ಚುತ್ತದೆ. ಅದೂ ಸೆಕೆಂಡಿಗೆ ಕೋಟಿಗಟ್ಟಲೆ ಸಲ.

ಈ ಲೆಕ್ಕವೆಲ್ಲ ನನಗೆ ಬಂದದ್ದು ಊಟದ ಮೇಜಿನಲ್ಲಿ. ನಾನು ಮೂವತ್ತೆಂಟು ವರ್ಷ ಲೇತ್ ಮಷಿನ್ ಮುಂದೆ ನಿಂತು ಕಿವಿ ಕಳೆದುಕೊಂಡವನು. ನನ್ನ ಸೊಸೆಯರಿಬ್ಬರೂ ಒಂದೇ ಕಂಪನಿಯಲ್ಲಿ ಕಿವಿಯ ಮಷಿನ್ನಿಗೆ ಬೇಕಾದ ಚಿಪ್ ಮಾಡುತ್ತಾರೆ. ದೊಡ್ಡವಳದು ವೇಗದ ಜವಾಬ್ದಾರಿ, ಚಿಕ್ಕವಳದು ಬ್ಯಾಟರಿಯದು. ಒಬ್ಬಳು ಎಳೆದರೆ ಇನ್ನೊಬ್ಬಳು ಹಿಡಿಯಬೇಕು. ವಾರಗಿತ್ತಿಯರಿಗೆ ಇದಕ್ಕಿಂತ ಹೇಳಿ ಮಾಡಿಸಿದ ನೌಕರಿ ಇನ್ನೊಂದಿಲ್ಲ ಎಂದು ನನ್ನ ಹೆಂಡತಿ ನಗುತ್ತಿದ್ದಳು.

ಅವರ ಹಳೆಯ ಚಿಪ್ಪಿರುವ ಮಷಿನ್ ನನ್ನ ಕಿವಿಯಲ್ಲಿತ್ತು. ಬೆಳಗ್ಗೆ ಏಳಕ್ಕೆ ಹಾಕಿಕೊಂಡರೆ ಸಂಜೆ ಐದಕ್ಕೆ ಸತ್ತುಹೋಗುತ್ತಿತ್ತು. ಮಕ್ಕಳು, ಸೊಸೆಯರು ಮನೆಗೆ ಬರುವುದು ಆರಕ್ಕೆ. ಅಂದರೆ ಮನೆ ತುಂಬುವ ಹೊತ್ತಿಗೆ ಸರಿಯಾಗಿ ನಾನು ಕಿವುಡ.

ಹೊಸ ಚಿಪ್ಪಿಗಾಗಿ ಚಿಕ್ಕವಳು ಎರಡು ವರ್ಷ ಒಂದೇ ವಿಚಾರದ ಬೆನ್ನು ಬಿದ್ದಿದ್ದಳು. ಕಳೆದ ಸಲ ಅಂಕಿ ಯಾವ ಖಾನೆಯಲ್ಲಿ ಸಿಕ್ಕಿತು ಎಂದು ನೆನಪಿಟ್ಟುಕೊಂಡು ಈ ಸಲ ಅದೊಂದನ್ನೇ ತೆರೆಯುವುದು. ಊಹೆ ಸರಿಯಾದರೆ ಮೂರು ಖಾನೆಗಳ ಖರ್ಚು ಉಳಿಯಿತು. ತಪ್ಪಿದರೆ ಮಿಕ್ಕ ಮೂರನ್ನೂ ತೆರೆಯಬೇಕು, ಮೇಲೊಂದು ಟಿಕ್ ದಂಡ. ಆ ಒಂದು ಟಿಕ್ಕಿಗೇ ದೊಡ್ಡವಳು ಅಡ್ಡ ನಿಂತಿದ್ದಳು.

“ಒಂದೇ ಟಿಕ್ ಅಕ್ಕಾ, ಅದೂ ಅಪರೂಪಕ್ಕೆ,” ಎನ್ನುತ್ತಿದ್ದಳು ಚಿಕ್ಕವಳು.

“ಅಪರೂಪ ಅಂತ ತೋರಿಸು, ಆಮೇಲೆ ಸಹಿ ಕೇಳು. ಇಲ್ಲಾಂದ್ರೆ ಮಾವ ನಿನ್ನ ತುಟಿ ಅಲ್ಲಾಡೋದನ್ನ ಈಗ ನೋಡಿ, ಮಾತನ್ನ ಆಮೇಲೆ ಕೇಳಿಸ್ಕೋಬೇಕಾಗುತ್ತೆ.”

“ನಿಮ್ಮ ಮಾವ ನನ್ನ ಮಾತನ್ನ ನಲವತ್ತು ವರ್ಷದಿಂದ ಹಾಗೇ ಕೇಳಿಸ್ಕೊಳ್ತಿರೋದು,” ಎಂದಳು ನನ್ನ ಹೆಂಡತಿ.

ಚಿಕ್ಕವಳು ತೋರಿಸಿದಳು. ನೂರು ಊಹೆಯಲ್ಲಿ ತೊಂಬತ್ತಾರು ಸರಿ. ಒಂದು ಶುಕ್ರವಾರ ದೊಡ್ಡವಳು ಸಹಿ ಹಾಕಿದಳು. ಇನ್ನು ಮೂರು ವಾರಕ್ಕೆ ಚಿಪ್ಪಿನ ನಕ್ಷೆ ಕಾರ್ಖಾನೆಗೆ ಹೋಗುವುದಿತ್ತು. ಅಲ್ಲಿಗೆ ಹೋದ ಮೇಲೆ ಅಳಿಸಿ ಬರೆಯುವ ಮಾತಿಲ್ಲ.

ಭಾನುವಾರ ಮಧ್ಯಾಹ್ನ ಊಟಕ್ಕೆ ಆರೂ ಜನ ಕೂತಿದ್ದೆವು. ಸ್ನಾನದ ಮನೆಯ ನಲ್ಲಿ ಸೋರುವುದು ಯಾರ ತಪ್ಪು ಎಂದು ನನ್ನ ಇಬ್ಬರು ಮಕ್ಕಳಿಗೆ ಜಗಳ ಹತ್ತಿಕೊಂಡಿತು. ದೊಡ್ಡವಳು ಒಬ್ಬನನ್ನು ಗದರಿದಳು, ನನ್ನವಳು ಇಬ್ಬರನ್ನೂ ಗದರಿದಳು. ಚಿಕ್ಕವಳ ಕೈಯ ತುತ್ತು ಅರ್ಧದಲ್ಲೇ ನಿಂತಿತು. ಎಡಗೈಯಿಂದ ಫೋನ್ ತೆಗೆದು, ರೆಕಾರ್ಡಿಂಗ್ ಒತ್ತಿ, ಮೇಜಿನ ನಡುವೆ ಇಟ್ಟಳು. “ನಿಲ್ಲಿಸ್ಬೇಡಿ, ಜಗಳ ಆಡ್ತಾ ಇರಿ,” ಎಂದಳು. ಎಲ್ಲರೂ ಬಾಯಿ ಮುಚ್ಚಿಕೊಂಡರು. ನಾನು ಬೇಕೆಂದೇ ದೊಡ್ಡ ಮಗನ ಮೇಲೆ ಗೂಬೆ ಕೂರಿಸಿದೆ, ಮತ್ತೆ ಶುರುವಾಯಿತು.

ಮರುದಿನ ಸಂಜೆ ಚಿಕ್ಕವಳು ಸಪ್ಪೆ ಮುಖ ಹೊತ್ತು ಬಂದಳು. ಬ್ಯಾಟರಿ ಬದಲಾಯಿಸಿಕೊಂಡಿದ್ದೆನಾದ್ದರಿಂದ ನನಗೂ ಎಲ್ಲ ಕೇಳಿಸಿತು.

“ಅಕ್ಕಾ, ಆ ಸಹಿ ವಾಪಸ್ ತಗೊಳ್ಳಿ.”

“ಏನಾಯ್ತೇ?”

“ತೊಂಬತ್ತಾರು ಬಂದಿದ್ದು ನಮ್ಮ ಸದ್ದಿಲ್ಲದ ರೂಮಲ್ಲಿ, ಒಬ್ಬರೇ ಕೂತು ಓದಿದ ದನಿಗೆ. ಎಲ್ಲಾ ಟೆಸ್ಟೂ ಅದರಲ್ಲೇ ಮಾಡಿದೀವಿ. ನಿನ್ನೆಯ ಊಟದ ಗಲಾಟೆ ಹಾಕಿ ನೋಡ್ದೆ. ಐದಾರು ದನಿ ಬಿಡಿಸೋಕೆ ಹೋದ್ರೆ ಅಂಕಿಗಳು ಖಾನೆಯಿಂದ ಖಾನೆಗೆ ಹಾರ್ತವೆ. ಅರವತ್ತೆಂಟು ಅಷ್ಟೇ ಸರಿ.”

“ನಮ್ಮ ಮನೆ ಗಲಾಟೆಗೆ ಮೂವತ್ತೆರಡೇ ತಪ್ಪಾ? ಕಡಿಮೆ ಆಯ್ತು,” ಎಂದಳು ನನ್ನವಳು.

ದೊಡ್ಡವಳು ಅವಳತ್ತ ತಿರುಗಿದಳು. “ನೀನು ಹೇಳದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ.”

“ಮಾವಂಗೆ ಗೊತ್ತಾಗ್ತಿತ್ತು. ನಾಲ್ಕು ಜನ ಸೇರಿದಾಗಲೇ ಮಾತು ತಡವಾಗಿ ಬರೋದು.”

ಎರಡು ವರ್ಷದ ದುಡಿಮೆಯನ್ನು ತಾನೇ ಕೈಯಾರೆ ತಂದು ಮೇಜಿನ ಮೇಲಿಟ್ಟು ತಪ್ಪಿದೆ ಎಂದು ಹೇಳುವುದು ಸಣ್ಣ ಮಾತಲ್ಲ. ಒಂದು ಕೂದಲೆಳೆ ಹೆಚ್ಚು ಕೊರೆದ ಕಬ್ಬಿಣವನ್ನು ಸರಿಯಾದವುಗಳ ರಾಶಿಗೆ ತಳ್ಳಿದ ಎಷ್ಟೋ ಜನರನ್ನು ನಾನು ಕಂಡಿದ್ದೇನೆ. ಒಂದೆರಡು ಸಲ ನಾನೇ ತಳ್ಳಿದ್ದೇನೆ.

ದೊಡ್ಡವಳು ಸಹಿ ಹಿಂತೆಗೆದುಕೊಳ್ಳಲಿಲ್ಲ. ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತಳು. “ತಪ್ಪೋ ಹೊತ್ತಲ್ಲಿ ಊಹಿಸ್ಬೇಡ, ಮೊದಲಿನ ಹಾಗೆ ನಾಲ್ಕೂ ತೆಗಿ ಅಂತ ಚಿಪ್ಪಿಗೆ ಹೇಳೋಕಾಗಲ್ವಾ?”

“ಆಗುತ್ತೆ. ಎಷ್ಟು ತಪ್ತಾ ಇದೆ ಅಂತ ಎಣಿಸ್ತಾ ಇರೋಕೆ ಒಂದು ಸಣ್ಣ ಸರ್ಕೀಟು ಬೇಕು. ಆದ್ರೆ ಚಿಪ್ಪಲ್ಲಿ ಸೂಜಿ ಮೊನೆಯಷ್ಟೂ ಜಾಗ ಇಲ್ವಲ್ಲ.”

“ನನ್ನ ಹತ್ರ ಇದೆ.”

“ಅದು ನಿಮ್ಮ ಸರ್ಕೀಟಿನ ಜಾಗ ಅಕ್ಕಾ!”

ಮುಂದೆ ಬೇಕಾಗುವ ಅಂಕಿಗಳನ್ನು ಮೊದಲೇ ತರಿಸಿಡುವ ಸರ್ಕೀಟು ಅದು, ದೊಡ್ಡವಳು ಎಂಟು ತಿಂಗಳು ಕೂತು ಮಾಡಿದ್ದು. “ಅದಿಲ್ಲದೇನೂ ನಿಗದಿ ಮಾಡಿದ ವೇಗ ಬರುತ್ತೆ,” ಎಂದಳು. “ನಿಂದಿಲ್ಲದೆ ಬ್ಯಾಟರಿ ಸಂಜೆವರೆಗೆ ಬರಲ್ಲ. ಅಳಬೇಡ, ಎಷ್ಟು ಜಾಗ ಬೇಕು ಹೇಳು.”

ಮೂರು ವಾರ ಅವರಿಬ್ಬರೂ ಊಟದ ಮೇಜನ್ನು ಹಿಡಿದುಕೂತರು. ನಾವು ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಂಡೆವು. ಅವರ ಟೆಸ್ಟಿಗೆ ಬೇಕೆಂದು ದಿನಕ್ಕೊಂದು ಜಗಳವನ್ನೂ ಆಡಿದೆವು. ಅದಕ್ಕೆ ನಮ್ಮ ಮನೆಯಲ್ಲಿ ಯಾರೂ ಕಷ್ಟಪಡಬೇಕಾಗಲಿಲ್ಲ.

ಐದು ತಿಂಗಳ ಮೇಲೆ ಕಾರ್ಖಾನೆಯಿಂದ ಚಿಪ್ ಬಂತು. ಒಬ್ಬರೇ ಮಾತಾಡುವ ಕಡೆ ಬ್ಯಾಟರಿ ಹದಿನೈದು ಗಂಟೆ ಬರುತ್ತದೆ. ಗದ್ದಲವಿದ್ದರೆ ಅದೇ ಹಳೆಯ ಹತ್ತು, ಆದರೆ ಮಾತು ತಡವಾಗುವುದಿಲ್ಲ. ಎರಡೂ ಬೆರೆತ ನನ್ನ ದಿನಕ್ಕೆ ಹದಿಮೂರು ಗಂಟೆ ಸಿಕ್ಕಿದೆ. ಏಳಕ್ಕೆ ಹಾಕಿಕೊಂಡರೆ ರಾತ್ರಿ ಎಂಟರವರೆಗೆ ಕೇಳುತ್ತದೆ. ದೊಡ್ಡವಳ ಎಂಟು ತಿಂಗಳ ಕೆಲಸ ಆ ಚಿಪ್ಪಿನಲ್ಲಿ ಇಲ್ಲ.