ಬೇಲಿಯೊಳಗಿನ ಹತ್ತು ಸಂಜೆ

ನಾನು ಯಾರನ್ನೂ ಸುಲಭದಲ್ಲಿ ನಂಬುವವನಲ್ಲ. ಮೂಡುಬಿದಿರೆಯ ಸಣ್ಣದೊಂದು ಬಸದಿಯ ಬೀಗದ ಕೈಗಳನ್ನು ನಲವತ್ತು ವರ್ಷ ಸೊಂಟಕ್ಕೆ ಕಟ್ಟಿಕೊಂಡವನು ಹಾಗೆಯೇ ಇರಬೇಕು. ಒಳಗೆ ಗೇಣುದ್ದದ ಕಂಚಿನ ತೀರ್ಥಂಕರರ ಮೂರ್ತಿಯಿದೆ. ಅದು ಕಾಣೆಯಾದರೆ ಊರು ಮೊದಲು ನೋಡುವುದು ಭುಜಬಲಿಯ ಮುಖವನ್ನು, ಅಂದರೆ ನನ್ನ ಮುಖವನ್ನು.

೨೦೦೫ರ ಜನವರಿಯಲ್ಲಿ ಇಲ್ಲಿನ ಕಾಲೇಜೊಂದರಲ್ಲಿ ದೇಶವಿದೇಶಗಳ ವಿದ್ಯಾರ್ಥಿಗಳ ಶಿಬಿರ ನಡೆಯಿತು. ವಿಷಯ ಬಾಹ್ಯಾಕಾಶದ ಹವಾಮಾನವಂತೆ. ನಾಳೆಯ ಮಳೆಯನ್ನೇ ಸರಿಯಾಗಿ ಹೇಳಲಾರದವರು ಆಕಾಶದಾಚೆಗೆ ಹೊರಟಿದ್ದರು. ಸೂರ್ಯನಲ್ಲಿ ಸ್ಫೋಟವಾದರೆ ಭೂಮಿಯ ಕಾಂತಶಕ್ತಿ ಅಲುಗುತ್ತದೆ, ಅದನ್ನು ಅಳೆಯುವ ಯಂತ್ರ ಹೂಳಲು ಬಸ್ಸು, ಕಬ್ಬಿಣ ಏನೂ ಸುಳಿಯದ ಜಾಗ ಬೇಕು ಎಂದು ಪ್ರಿನ್ಸಿಪಾಲರು ಬಸದಿಯ ಹಿಂದಿನ ನಮ್ಮ ಖಾಲಿ ಹಿತ್ತಿಲನ್ನು ಕೇಳಿದರು. ದಾಕ್ಷಿಣ್ಯಕ್ಕೆ ಒಪ್ಪಿದೆ.

ಮರುದಿನ ನೋಡಿದರೆ ಬಸದಿಯ ಗೋಡೆಯಿಂದ ಹತ್ತು ಮಾರು ದೂರದಲ್ಲಿ ಗುಂಡಿ ತೋಡಿದ್ದರು. ಜಪಾನಿನ ಇಬ್ಬರು ಹುಡುಗರು, ಅವರಿಗೆ ಕಲಿಸುವ ಬ್ರೆಜಿಲಿನ ಮೇಡಂ ಒಬ್ಬರು, ವಿದ್ಯಾರ್ಥಿಗಳ ಮುಂದಾಳಾಗಿ ಬಂಟ್ವಾಳದ ಆಫ್ರಾ. ಅವಳ ಅಪ್ಪ ಅಬ್ದುಲ್ ಶುಕೂರ್ ಹಳೆ ಹಿತ್ತಾಳೆ, ಕಂಚು ಕೊಳ್ಳುವ ಅಂಗಡಿಯವರು. ಕಂಚಿನ ಬೆಲೆ ತಿಳಿದವರ ಮಗಳು, ಪರದೇಶದವರು, ಬಸದಿಯ ಹಿಂದೆ ಗುಂಡಿ. ಸಂಶಯಕ್ಕೆ ಇನ್ನೇನು ಬೇಕು?

ಅವರು ಯಂತ್ರ ಇಟ್ಟು ಗುಂಡಿ ಮುಚ್ಚಿ, ಅದರ ತಂತಿಯನ್ನು ದೂರದ ಚಪ್ಪರದ ಕಂಪ್ಯೂಟರಿಗೆ ಎಳೆದು, ಸುತ್ತ ಬಿದಿರಿನ ಬೇಲಿ ಕಟ್ಟಿದರು.

"ಇದರ ಒಳಗೆ ಯಾರೂ ಹೋಗಬಾರ್ದು ಅಜ್ಜ," ಎಂದಳು ಆಫ್ರಾ. "ನಾವು ಸಹ ಹೋಗುವುದಿಲ್ಲ."

"ಯಾಕೆ, ಒಳಗೆ ಎಂಥ ಉಂಟು?"

"ಎಂಥ ಇಲ್ಲ. ಯಂತ್ರ ಒಂದು, ಅಷ್ಟೇ."

ಎಂಥ ಇಲ್ಲದ ಜಾಗಕ್ಕೆ ಬೇಲಿ ಯಾಕೆ? ನನ್ನ ತಲೆಯಲ್ಲಿ ಅದೇ ಹುಳ ಕೊರೆಯತೊಡಗಿತು.

ನಾವು ಜೈನರು ಸೂರ್ಯ ಮುಳುಗುವ ಮೊದಲೇ ರಾತ್ರಿಯ ಊಟ ಮುಗಿಸುವವರು. ಉಂಡು ಕೈತೊಳೆದು, ಬಸದಿಗೆ ಬೀಗ ಹಾಕಿ, ಬೆಳಕಿರುವಾಗಲೇ ಬೇಲಿ ದಾಟುತ್ತಿದ್ದೆ. ಗುಂಡಿ ಗೋಡೆಯ ಕಡೆಗೆ ಬೆಳೆದಿದೆಯೇ ಎಂದು ಬಗ್ಗಿ ಮಣ್ಣು ಮುಟ್ಟಿ ನೋಡುತ್ತಿದ್ದೆ. ಹತ್ತು ಸಂಜೆ ಹೀಗೆ ನಡೆಯಿತು. ಗುಂಡಿ ಬೆಳೆಯಲಿಲ್ಲ, ನನ್ನ ಸಂಶಯ ಮಾತ್ರ ಬೆಳೆಯಿತು.

ಹನ್ನೊಂದನೆಯ ದಿನ ಬೆಳಿಗ್ಗೆ ಆಫ್ರಾ ಉದ್ದನೆಯ ಕಾಗದ ಹಿಡಿದು ಓಡಿಬಂದಳು.

"ನೋಡಿ ಅಜ್ಜ, ದಿನಾ ಸೂರ್ಯ ಮುಳುಗುವ ಸ್ವಲ್ಪ ಮೊದಲು ಈ ಗೆರೆ ಮೇಲೆ ಹಾರ್ತದೆ. ಸೂರ್ಯಾಸ್ತ ತಡ ಆದ ಹಾಗೆ ಇದೂ ತಡ ಆಗ್ತದೆ. ಬೇರೆ ಊರಿನ ಯಂತ್ರದಲ್ಲಿ ಇದು ಇಲ್ಲ. ಮೇಡಂಗೂ ಆಶ್ಚರ್ಯ. ನಾಳೆ ಎಲ್ಲರ ಎದುರು ನಾನೇ ಹೇಳುವುದು. ಲಾಯ್ಕಾದ್ರೆ ಒಂದು ವರ್ಷ ಜಪಾನಿಗೆ ಕಳಿಸ್ತಾರೆ."

ಗೆರೆ ಹತ್ತು ಕಡೆ ಹಾರಿತ್ತು. ನಾಲ್ಕನೆಯ ಕಡೆ ಎರಡು ಸಲ. ನಾಲ್ಕನೆಯ ದಿನ ನನ್ನ ಹೆಗಲ ಮೇಲಿನ ಬೈರಾಸು ಬೇಲಿಯೊಳಗೆ ಬಿದ್ದು, ಅದನ್ನು ಹೆಕ್ಕಲು ಮತ್ತೆ ಹೋಗಿದ್ದೆ. ಕಬ್ಬಿಣ ಸುಳಿಯಬಾರದು ಎಂದಿದ್ದರು. ಸೊಂಟದ ಕಬ್ಬಿಣದ ಬೀಗದ ಕೈಗಳ ಗೊಂಚಲು ನನಗೆ ನೆನಪೇ ಆಗಿರಲಿಲ್ಲ, ಅದು ನನ್ನ ಮೈಯೇ ಆಗಿಹೋಗಿತ್ತು.

ಸುಮ್ಮನಿದ್ದರೆ ನಾನು ಬಚಾವು. ಆದರೆ ಹುಡುಗಿ ಒಂದಲ್ಲ ಒಂದು ದಿನ ಲೋಕದ ಪಂಡಿತರ ಎದುರು ನಗೆಪಾಟಲಾಗುತ್ತಾಳೆ. ಸುಮ್ಮನಿರಲು ನನ್ನಿಂದ ಆಗಲಿಲ್ಲ.

"ಕಂಪ್ಯೂಟರಿನ ಹತ್ರ ಕೂತ್ಕೋ ಮಗಾ," ಎಂದು ಹೇಳಿ ಬೇಲಿಯೊಳಗೆ ಹೋಗಿ ನಿಂತೆ. ಹೊರಗೆ ಬಂದೆ. ಗೊಂಚಲನ್ನು ದೂರ ಇಟ್ಟು ಮತ್ತೊಮ್ಮೆ ಹೋದೆ. ವಾಪಸು ಬರುವಾಗ ಅವಳ ಮುಖ ಬಾಡಿತ್ತು.

"ಬೀಗದ ಕೈ," ಎಂದಳು.

"ಹೌದು."

"ಹೋಗಬಾರ್ದು ಅಂತ ಹೇಳಿದ್ದೆವಲ್ಲ ಅಜ್ಜ. ಯಾಕೆ ಹೋದದ್ದು?"

ದನ ಹುಡುಕಲು ಹೋದೆ ಎನ್ನಬಹುದಿತ್ತು. ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು.

"ನೀನು ಮೂರ್ತಿ ಕದಿಯಲಿಕ್ಕೆ ಬಂದದ್ದು ಅಂತ ಸಂಶಯ ಇತ್ತು."

ಅವಳು ಅಳಲಿಲ್ಲ, ಬೈಯಲಿಲ್ಲ. ಕಾಗದ ಬಿಡಿಸಿ ಒಂದೊಂದೇ ಗುರುತಿನ ಮೇಲೆ ಬೆರಳಿಟ್ಟು ಕೊನೆಯವರೆಗೆ ಹೋದಳು.

"ಒಂದು ದಿನ ಸಹ ಬಿಡ್ಲಿಲ್ಲ ನೀವು," ಎಂದಳು.



ಮರುದಿನ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ, ಮಗಳ ಮಾತು ಕೇಳಲು ಬಂದಿದ್ದ ಶುಕೂರರ ಪಕ್ಕದಲ್ಲಿ ಕೂತೆ. ಇದು ಸೂರ್ಯನದ್ದಲ್ಲ, ಬಸದಿಯ ಬೀಗದ ಕೈಯದ್ದು ಎಂದು ಆಫ್ರಾ ಇಂಗ್ಲಿಷಿನಲ್ಲೂ, ಊರವರಿಗಾಗಿ ಕನ್ನಡದಲ್ಲೂ ಹೇಳಿದಳು. ಸಭೆ ನಕ್ಕಿತು. ಆ ಮನುಷ್ಯ ದಿನಾ ಅಲ್ಲಿಗೆ ಯಾಕೆ ಹೋಗುತ್ತಿದ್ದ ಎಂದು ಬ್ರೆಜಿಲಿನ ಮೇಡಂ ಕೇಳಿದರು. ಆ ಪ್ರಶ್ನೆಯನ್ನೂ ಆಫ್ರಾ ಕನ್ನಡದಲ್ಲಿ ಹೇಳಿದಳು. ನನ್ನ ಕಡೆ ಒಮ್ಮೆ ನೋಡಿದಳು.

"ಬಸದಿ ಕಾಯುವುದು ಅವರ ಕೆಲಸ," ಎಂದಳು.

ಜಪಾನಿಗೆ ಬೇರೆ ಯಾರನ್ನೋ ಆರಿಸಿದರು. ಸಭೆ ಮುಗಿದ ಮೇಲೆ ಶುಕೂರ್ ನನ್ನ ಎರಡೂ ಕೈ ಹಿಡಿದುಕೊಂಡರು.

"ಬೇರೆ ಊರಿನಲ್ಲಿ ಮಗಳನ್ನು ಬಿಡ್ಲಿಕ್ಕೆ ಹೆದರಿಕೆ ಇತ್ತು. ಬಸದಿಯ ಹತ್ರ ನೀವು ಇದ್ದೀರಿ ಅಂತ ಮಗಳು ಹೇಳಿದ್ಳು, ಆ ಧೈರ್ಯದಲ್ಲಿ ಕಳಿಸಿದ್ದು," ಎಂದರು.

ನಾನು ಸಂಶಯಪಟ್ಟದ್ದನ್ನು ಮಗಳು ಅಪ್ಪನಿಗೂ ಹೇಳಿರಲಿಲ್ಲ.