ಸಿಂಥಿಯಾಳ ಬಂಗುಡೆ ಲಿವರು

ಬಂಗುಡೆಯ ಲಿವರಿನಲ್ಲಿರುವ ಒಂದು ಕಿಣ್ವದ ಬೆನ್ನು ಹತ್ತಿ ಸಿಂಥಿಯಾ ಐದು ವರ್ಷ ಕಳೆದಿದ್ದಳು. ಬೆಳಗಾಗುತ್ತಲೇ ಉಳ್ಳಾಲಕ್ಕೆ ಹೋಗಿ ತಾಜಾ ಮೀನು ತರುವುದು, ವಾಮಂಜೂರಿನಾಚೆಯ ಖಾಸಗಿ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಲಿವರು ತೆಗೆದು ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿನಲ್ಲಿಡುವುದು, ಉಳಿದ ಮೀನನ್ನು ಮಂಗಳೂರಿನ ಶಕ್ತಿನಗರದ ಮನೆಗೆ ಒಯ್ಯುವುದು. ಹೀಗಾಗಿ ಅವಳ ಸಂಶೋಧನೆಯ ಫಲ ಉಂಡವರು ಮನೆಯವರು ಮಾತ್ರ.

"ಇನ್ನು ಎಷ್ಟು ಬಂಗುಡೆ ತಿಂದರೆ ನೀನು ಡಾಕ್ಟರ್ ಆಗ್ತಿ ಬಾಯೆ?" ಎಂದು ತಾಯಿ ಮಗ್ದಲೀನ್ ಬಾಯಿ ಸಾರು ಬಡಿಸುತ್ತ ಕೇಳುತ್ತಿದ್ದರು.

ಪಿಎಚ್‌ಡಿ ಈ ವರ್ಷ ಆಗಿಬಿಡುವುದರಲ್ಲಿತ್ತು. ಬಾಕಿಯಿದ್ದದ್ದು ಕೊನೆಯ ಒಂದು ಪ್ರಯೋಗ. ಅದಕ್ಕೆ ಬೇಕಾದದ್ದೆಲ್ಲ ಫ್ರೀಜರಿನಲ್ಲಿತ್ತು. ಅದು ಕೆಡದಿದ್ದರೆ ಜೂನಿನಲ್ಲಿ ಪ್ರಬಂಧ ಸಲ್ಲಿಕೆ. ಕೆಟ್ಟರೆ ಮತ್ತೆ ಮೊದಲಿನಿಂದ ಉಳ್ಳಾಲ.

ಅಷ್ಟರಲ್ಲಿ ವಿಶ್ವವಿದ್ಯಾಲಯಕ್ಕೆ ದರ್ಜೆ ಕೊಡುವ ಸಮಿತಿ ಬರುತ್ತದೆ ಎಂದಾಯಿತು. ಹೆಣ್ಣು ನೋಡಲು ಬರುವವರಿದ್ದ ಮನೆಯಲ್ಲೂ ಅಂಥ ಗಡಿಬಿಡಿ ಇರಲಾರದು. ವರ್ಷಗಟ್ಟಲೆ ಸೋರುತ್ತಿದ್ದ ನಲ್ಲಿ ತೆಪ್ಪಗಾಯಿತು. ಪುಸ್ತಕದ ಮುಖವನ್ನೇ ಕಾಣದ ಕಪಾಟುಗಳಿಗೆ ಪುಸ್ತಕ ಬಂತು. ಸಿಂಥಿಯಾಳ ಗೈಡ್ ಡಾ. ಮೋಹನದಾಸರಿಗೆ ಅತಿಥಿಗಳಿಗೆ ಲ್ಯಾಬಿನಲ್ಲೇ ಕಾಫಿ ಕೊಡುವ ಉಮೇದು ಹುಟ್ಟಿತು. ಸಂಶೋಧನೆ ಇಲ್ಲದಿದ್ದರೂ ನಡೆದೀತು, ಉಪಚಾರದಲ್ಲಿ ಕೊರತೆಯಾಗಬಾರದು ಎಂಬುದು ಅವರ ದೃಢ ನಂಬಿಕೆ.

"ನೀನು ಮನೆಗೆ ಹೋಗು ಮಾರಾಯ್ತಿ, ನೆಲ ಒರೆಸಿ ಆಗಿದೆ, ತುಳಿಯಬೇಡ," ಎಂದು ಶನಿವಾರ ಅವಳನ್ನು ಕಳಿಸಿದರು. ಆಮೇಲೆ ಕಾಫಿ ಯಂತ್ರದ ಪ್ಲಗ್ಗಿಗೆ ದೊಡ್ಡ ಸಾಕೆಟ್ಟು ಹುಡುಕಿದರು. ಇದ್ದದ್ದು ಒಂದೇ, ಫ್ರೀಜರಿನದು. ಫ್ರೀಜರಿನ ಪ್ಲಗ್ಗು ಕಿತ್ತು ಯಂತ್ರದ್ದನ್ನು ಸಿಕ್ಕಿಸಿ, ಒಂದು ಲೋಟ ಕಾಫಿ ಕುಡಿದು ರುಚಿ ನೋಡಿ, ತೃಪ್ತಿಯಿಂದ ಮನೆಗೆ ನಡೆದರು.

ಸೋಮವಾರ ಸಿಂಥಿಯಾ ಬಂದಾಗ ಫ್ರೀಜರಿನ ಪ್ಲಗ್ಗು ಗೋಡೆಯ ಪಕ್ಕ ನೇತಾಡುತ್ತಿತ್ತು, ಅದರ ಸಾಕೆಟ್ಟಿನಲ್ಲಿ ಕಾಫಿ ಯಂತ್ರದ್ದಿತ್ತು. ಬಾಗಿಲ ಸಂದಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮಂಗಳೂರಿನ ಮೇ ತಿಂಗಳ ಸೆಕೆಯಲ್ಲಿ ಎರಡು ರಾತ್ರಿ! ಅವಳಿಗೆ ಅಳು ಬಂತು. ಅದಕ್ಕಿಂತ ಮೊದಲು ಸಿಟ್ಟು ಬಂತು.

"ಈಗ ಎಂತದೂ ಮಾತಾಡಬೇಡ," ಎಂದು ಮೋಹನದಾಸರು ಪಿಸುಗುಟ್ಟುವಷ್ಟರಲ್ಲಿ ಸಮಿತಿ ಒಳಗೆ ಬಂದಾಗಿತ್ತು. ಅವರ ಕೈಗೆ ಕಾಫಿಯೂ ಬಂತು.

"ನಿಮ್ಮ ಕೆಲಸ ತೋರಿಸಿ," ಎಂದರು ಅಧ್ಯಕ್ಷರು.

ಸಿಂಥಿಯಾ ಫ್ರೀಜರಿನ ಬಾಗಿಲನ್ನು ಅಗಲವಾಗಿ ತೆರೆದಳು. ಕರವಸ್ತ್ರಗಳು ಮೂಗಿಗೇರಿದವು. ಸದಸ್ಯರೊಬ್ಬರು ಲೋಟ ಕೆಳಗಿಟ್ಟು ಹೊರಗೋಡಿದರು. ಇನ್ನಾದರೂ ಗೈಡಿನ ಬಣ್ಣ ಬಯಲಾಗುತ್ತದೆ ಎಂದು ಅವಳು ಕಾದಳು.

ಮೋಹನದಾಸರು ಕಣ್ಣು ಮಿಟುಕಿಸಲಿಲ್ಲ. "ಇದು ನಮ್ಮ ಹೊಸ ಯೋಜನೆ ಸರ್. ಕರಾವಳಿಯ ಸೆಕೆಯಲ್ಲಿ ಮೀನಿನ ಪ್ರೋಟೀನು ಹೇಗೆ ಕೊಳೆಯುತ್ತದೆ ಎಂಬ ಅಧ್ಯಯನ."

"ಸಮಾಜಕ್ಕೆ ಬಹಳ ಉಪಯುಕ್ತ," ಎಂದರು ಅಧ್ಯಕ್ಷರು ಕರವಸ್ತ್ರದೊಳಗಿಂದ. ಫ್ರೀಜರಿನ ಪಕ್ಕ ಸಿಂಥಿಯಾಳನ್ನು ನಿಲ್ಲಿಸಿ ಫೋಟೊ ತೆಗೆಸಿದರು.

ಸಮಿತಿ ಊಟಕ್ಕೆ ಹೋದ ಮೇಲೆ ಮೋಹನದಾಸರು ಬೆವರು ಒರೆಸಿಕೊಂಡರು. "ಬದುಕಿದೆವು! ಪಿಎಚ್‌ಡಿಗೆ ಆ ಹೊಸ ವಿಷಯವನ್ನೇ ನಿನ್ನ ಹೆಸರಿಗೆ ಹಾಕ್ತೇನೆ. ಇನ್ನು ಮೂರು ವರ್ಷ ಅಷ್ಟೆ. ಕಷ್ಟ ಎಂತದೂ ಇಲ್ಲ, ಕೊಳೆಯುವ ಕೆಲಸ ಮೀನೇ ಮಾಡ್ತದೆ."

"ಪ್ಲಗ್ಗು ಕಿತ್ತದ್ದು ನೀವು ಸರ್. ಆ ಪಿಎಚ್‌ಡಿಯನ್ನೂ ನೀವೇ ಮಾಡಿ," ಎಂದು ಸಿಂಥಿಯಾ ಬಿಳಿ ಕೋಟನ್ನು ಬಿಚ್ಚಿ ಅವರ ಕುರ್ಚಿಯ ಮೇಲಿಟ್ಟು ಹೊರಬಿದ್ದಳು.

ಮನೆಯಲ್ಲಿ ಹೇಳಲು ಮಾತ್ರ ಧೈರ್ಯ ಬರಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುವಷ್ಟರಲ್ಲಿ ಜೂನ್ ಬಂತು. ವಿಶ್ವವಿದ್ಯಾಲಯಕ್ಕೆ ಒಳ್ಳೆಯ ದರ್ಜೆಯೂ ಬಂತು. ವಾಮಂಜೂರಿನ ರಸ್ತೆಬದಿಯಲ್ಲಿ ಪ್ರವೇಶಾತಿಯ ದೊಡ್ಡ ಫಲಕ ಎದ್ದಿತು: ಫ್ರೀಜರಿನ ಪಕ್ಕ ಸಿಂಥಿಯಾ, ಕೆಳಗೆ 'ನಮ್ಮ ಸಂಶೋಧಕಿ, ನಮ್ಮ ಹೆಮ್ಮೆ'.

ಮಗ್ದಲೀನ್ ಬಾಯಿ ಅದನ್ನು ಬಸ್ಸಿನಿಂದ ನೋಡಿದರು. ಸಂಜೆ ಚೀಲ ತುಂಬ ಬಂಗುಡೆ ಹಿಡಿದು ಮನೆಗೆ ಬಂದರು. ಅವರ ಕಣ್ಣು ತುಂಬಿತ್ತು.

"ಡಾಕ್ಟರ್ ಆದದ್ದನ್ನು ನಮಗೆ ಹೇಳಲೇ ಇಲ್ಲವಲ್ಲ ಬಾಯೆ! ಇದು ಸಂಶೋಧನೆಗೆ ಅಲ್ಲ, ನಾವು ತಿನ್ನಲಿಕ್ಕೆ ತಂದದ್ದು."

ಸಿಂಥಿಯಾ ಚೀಲ ತೆಗೆದುಕೊಂಡು ಹಿತ್ತಿಲಲ್ಲಿ ಮೀನು ಕೊಯ್ಯಲು ಕುಳಿತಳು. ಕಣ್ಣೀರು ಒರೆಸಿಕೊಂಡು ನೋಡುವಾಗ, ಅವಳ ಕೈ ಒಂದೊಂದೇ ಲಿವರನ್ನು ತೆಗೆದು ತೊಳೆದ ಬಟ್ಟಲಲ್ಲಿ ಬೇರೆಯಾಗಿ ಇಟ್ಟಿತ್ತು.