ಯಾರ ಕೈಗೂ ಸಿಗದ ಜೇಬು

ಇಟಲಿಗೆ ಹೊರಡಲು ಇನ್ನೂ ಆರು ವಾರ ಇರುವಾಗ ದರ್ಜಿ ತನ್ನ ಹೆಂಡತಿಗೆ ಒಂದು ಮಾತು ಕೊಟ್ಟುಬಿಟ್ಟ.

"ನೀನು ಬರೀ ಕಿಟಕಿ ಪಕ್ಕ ಕೂತ್ಕೊ. ಮಿಕ್ಕಿದ್ದೆಲ್ಲ ನನಗೆ ಬಿಡು."

ಮಿಕ್ಕಿದ್ದೆಲ್ಲ ಎಂದರೆ ಎಷ್ಟು ಎಂದು ಅವನು ಯೋಚಿಸಿರಲಿಲ್ಲ.

ಹೆಂಡತಿ ಬಸ್ ಡ್ರೈವರ್. ಹತ್ತೊಂಬತ್ತು ವರ್ಷದಿಂದ ಹನ್ನೆರಡನೇ ನಂಬರಿನ ಬಸ್ಸನ್ನು ಮಾರುಕಟ್ಟೆಯಿಂದ ಊರಾಚೆಯ ನೀರಿನ ಟ್ಯಾಂಕಿನವರೆಗೆ ಓಡಿಸಿ, ತಿರುಗಿಸಿಕೊಂಡು ಬರುತ್ತಿದ್ದಳು. ಯಾರೋ ಸೀಟಿನಲ್ಲಿ ಬಿಟ್ಟುಹೋದ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ತಂದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದಳು. ಇಟಲಿಯ ಯಾವುದೋ ಗುಡ್ಡ, ಅದರ ಮೈಸುತ್ತ ಏಳು ತಿರುವಿನ ರಸ್ತೆ, ಐದನೇ ತಿರುವಿನಲ್ಲಿ ಕಡಲೆಕಾಳಿನಷ್ಟು ದೊಡ್ಡ ನೀಲಿ ಬಸ್ಸು. "ಅದರಲ್ಲಿ ಕೂರ್ಬೇಕು ರೀ. ಬೇರೆ ಯಾರಾದ್ರೂ ಓಡಿಸ್ಲಿ. ಒಂದು ಸಲನಾದ್ರೂ ಕನ್ನಡಿ ನೋಡೋದು ಬಿಟ್ಟು ಹೊರಗಡೆ ನೋಡ್ಬೇಕು" ಎನ್ನುತ್ತಿದ್ದಳು.

ಮದುವೆಯಾದಾಗಿನಿಂದ ಎಲ್ಲಿಗೆ ಹೋದರೂ ದಾರಿ ಕೇಳುತ್ತಿದ್ದವಳು, ಟಿಕೆಟ್ ತರುತ್ತಿದ್ದವಳು, ಜಗಳವಾಡಿ ಸೀಟು ಹಿಡಿಯುತ್ತಿದ್ದವಳು ಅವಳೇ. ಅವನು ಹಿಂದೆ ಚೀಲ ಹೊತ್ತುಕೊಂಡು "ಗ್ಯಾಸ್ ಆಫ್ ಮಾಡಿದ್ವಾ?" ಎಂದು ಕೇಳುವವನು. ಈ ಸಲ ತಾನೇ ಅವಳನ್ನು ಕರೆದುಕೊಂಡು ಹೋಗಬೇಕು, ಅವಳು ಒಮ್ಮೆಯೂ ಸೀಟು ಬಿಟ್ಟು ಏಳಬಾರದು. ಇಷ್ಟೂ ಮಾಡಲಾಗದಿದ್ದರೆ ತಾನೆಂಥ ಗಂಡ ಎಂದು ಅವನಿಗೆ ಅನ್ನಿಸಿಬಿಟ್ಟಿತ್ತು.

ವಸಂತ ಬಂತು. ಬೀದಿಯವರೆಲ್ಲ ಕಿಟಕಿ ತೆರೆದು ಕಂಬಳಿ ಕೊಡವಿ ಬಿಸಿಲಿಗೆ ಹಾಕಿದರು. ಅಂಗಡಿಯೆದುರಿನ ಬೋಳು ಮರ ನೋಡನೋಡುತ್ತಿದ್ದಂತೆ ಚಿಗುರಿತು. ದರ್ಜಿ ಮಾತ್ರ ಪಟ್ಟಿ ಬರೆಯುತ್ತಿದ್ದ. ಕೊನೆಗೆ ಪಟ್ಟಿಗಳು ಎಷ್ಟಾದವೆಂದರೆ ಯಾವ ಪಟ್ಟಿ ಎಲ್ಲಿದೆ ಎಂದು ಇನ್ನೊಂದು ಪಟ್ಟಿ ಬೇಕಾಯಿತು. ಅಲ್ಲಿ ಅವರು ಗೊತ್ತುಮಾಡಿದ್ದ ಕೋಣೆ ನಾಲ್ಕನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಅದಕ್ಕಾಗಿ ಅವನು ದಿನಾ ಬೆಳಿಗ್ಗೆ ತುಂಬಿದ ಸೂಟ್‌ಕೇಸನ್ನು ಮನೆಯ ಮಹಡಿ ಮೆಟ್ಟಿಲಲ್ಲಿ ನಾಲ್ಕು ಸಲ ಹತ್ತಿಸಿ ಇಳಿಸುತ್ತಿದ್ದ. ಪಕ್ಕದ ಮನೆಯ ಅಜ್ಜಿ ಮೂರು ದಿನ ನೋಡಿ, ನಾಲ್ಕನೇ ದಿನ ಅವನ ಹೆಂಡತಿಯನ್ನು ಕೇಳಿದಳು: "ಏನಮ್ಮ, ಮನೆ ಬಿಟ್ಟು ಹೋಗ್ತೀನಿ ಅಂತ ದಿನಾ ಹೊರಡ್ತಾನೆ, ದಿನಾ ವಾಪಸ್ ಬರ್ತಾನೆ. ಒಂದೋ ಕಳಿಸು, ಇಲ್ಲಾ ಸಮಾಧಾನ ಮಾಡು."

ಅವನ ವಿದ್ಯೆಯೆಲ್ಲ ಸಂಜೆ ತರಗತಿಯದು, ದಣಿದ ಕಣ್ಣಲ್ಲಿ ಕಲಿತದ್ದು. ಇಟಾಲಿಯನ್ನಿಗೂ ಹಾಗೇ ಸೇರಿಕೊಂಡ. ಒಂದು ತಿಂಗಳಲ್ಲಿ ಅವನ ನಾಲಿಗೆಗೆ ಹತ್ತಿದ್ದು ಕ್ಷಮೆ ಕೇಳುವ ಮೂರು ಬಗೆ ಮಾತ್ರ.

"ಎಲ್ಲರೂ ಕಾಫಿ ಕೇಳೋದು ಮೊದಲು ಕಲೀತಾರೆ" ಎಂದಳು ಟೀಚರಮ್ಮ.

"ನನಗೆ ಇದೇ ಮೊದಲು ಬೇಕಾಗೋದು ಮೇಡಂ."

ಇಟಲಿಯ ಜನಜಂಗುಳಿಯಲ್ಲಿ ಜೇಬುಗಳ್ಳರಿದ್ದಾರೆ ಎಂದು ಎಲ್ಲೋ ಓದಿದ ಮೇಲೆ ಅವನ ಕೈಕಸುಬು ಎಚ್ಚರವಾಯಿತು. ಭಾಷೆ ಬರದಿದ್ದರೇನು, ಹೊಲಿಗೆ ಬರುತ್ತದಲ್ಲ! ತನ್ನ ಕಪ್ಪು ಕೋಟಿನ ಎಡಗಡೆ, ಅಸ್ತರಿನ ಒಳಗೆ, ಅವನೊಂದು ಗುಪ್ತ ಜೇಬು ಕೂರಿಸಿದ. ಇಬ್ಬರ ಪಾಸ್‌ಪೋರ್ಟನ್ನೂ ಒಳಗಿಟ್ಟು, ಉಬ್ಬು ಕಾಣುತ್ತದೆಯೇ ಎಂದು ನೋಡಲು ಜೇಬಿನ ಬಾಯಿ ಹೊಲಿದು ಇಸ್ತ್ರಿ ಮಾಡಿದ. ಉಬ್ಬು ಕಾಣಲಿಲ್ಲ, ಹೊಲಿಗೆಯೂ ಕಾಣಲಿಲ್ಲ. ಮೂವತ್ತು ವರ್ಷದಲ್ಲಿ ಇಷ್ಟು ಚೆಂದದ ಕೆಲಸ ಮಾಡಿರಲಿಲ್ಲ. ಆ ಹೆಮ್ಮೆಯಲ್ಲೇ ಕೋಟನ್ನು ಅಂಗಡಿಯ ಗೂಟಕ್ಕೆ ತೂಗುಹಾಕಿದ.

ಹೊರಡಲು ಒಂಬತ್ತು ದಿನ ಇದೆ ಎನ್ನುವಾಗ, ಒಂದು ಮಧ್ಯಾಹ್ನ, ಕನ್ನಡಿಯೆದುರು ಕೋಟು ಹಾಕಿಕೊಂಡ. ತೋಳು ಅರ್ಧ ಇಂಚು ಗಿಡ್ಡ.

ಬೇರೆಯವರಾಗಿದ್ದರೆ ಗಮನಿಸುತ್ತಿರಲಿಲ್ಲ. ದರ್ಜಿಗೆ ಅರ್ಧ ಇಂಚು ಎಂದರೆ ಅರ್ಧ ಮೈಲಿ. ಎಡಗಡೆಯ ಅಸ್ತರನ್ನು ಒತ್ತಿ ನೋಡಿದ, ಒಳಗೆ ಏನೂ ಇರಲಿಲ್ಲ. ಇದು ಹೆಡ್‌ಮಾಸ್ಟರ ಕೋಟು! ನಿವೃತ್ತ ಹೆಡ್‌ಮಾಸ್ಟರು ಇವನ ಕೋಟನ್ನು ಮೆಚ್ಚಿ ಅದೇ ಥಾನಿನ ಬಟ್ಟೆಯಲ್ಲಿ ತಮಗೂ ಒಂದು ಹೊಲಿಸಿದ್ದರು. ಹೋದ ವಾರ ಬಂದು ತೆಗೆದುಕೊಂಡು ಹೋಗಿದ್ದರು. ಅಂದರೆ ಗೂಟದಿಂದ ಇವನು ತೆಗೆದುಕೊಟ್ಟದ್ದು ತನ್ನದೇ ಕೋಟನ್ನು. ಕಳ್ಳರಿಗೆ ಸಿಗಬಾರದೆಂದು ಬಚ್ಚಿಟ್ಟದ್ದನ್ನು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, "ಮತ್ತೆ ಬನ್ನಿ ಸಾರ್" ಎಂದು ಕೈಯಾರೆ ಕೊಟ್ಟಿದ್ದ.

ಅಂಗಡಿ ಮುಚ್ಚಿ, ಕೋಟನ್ನೂ ಪುಟ್ಟ ಕತ್ತರಿಯನ್ನೂ ಹಿಡಿದು ಓಡಿದ. ಹೆಡ್‌ಮಾಸ್ಟರ ಮನೆ ನೀರಿನ ಟ್ಯಾಂಕಿನ ಹತ್ತಿರ. ಅಲ್ಲಿಗೆ ಹೋಗುವುದು ಹನ್ನೆರಡನೇ ನಂಬರ್ ಒಂದೇ. ಈ ಹೊತ್ತಿಗೆ ಅವಳ ಪಾಳಿ ಮುಗಿದಿರುತ್ತದೆ ಎಂದುಕೊಂಡು ಹಿಂದಿನ ಬಾಗಿಲಿಂದ ಹತ್ತಿದ. ರಜೆ ಸಿಗಲೆಂದು ಅವಳು ಈ ವಾರ ಜೊತೆಯವಳೊಬ್ಬಳ ಪಾಳಿಯನ್ನೂ ಮಾಡುತ್ತಿದ್ದಾಳೆ ಎಂಬುದು ಮೂರನೇ ಪಟ್ಟಿಯಲ್ಲಿ ಅವನದೇ ಅಕ್ಷರದಲ್ಲಿತ್ತು. ಡ್ರೈವರ್ ಸೀಟಿನಲ್ಲಿ ಪರಿಚಿತ ತುರುಬು ಕಂಡಾಗ ಅದು ನೆನಪಾಯಿತು. ಬಸ್ಸು ಹೊರಟಾಗಿತ್ತು.

ಕೋಟನ್ನು ಮುಖಕ್ಕೆ ಅಡ್ಡ ಹಿಡಿದು ಕೂತ. ಪಕ್ಕದ ಹೆಂಗಸು "ವಾಂತಿ ಬರುತ್ತಾ?" ಎಂದು ದೂರ ಸರಿದಳು. ಮೂರನೇ ಸ್ಟಾಪಿನಲ್ಲಿ ಕೋಟಿನ ಸಂದಿಯಿಂದ ಇಣುಕಿದಾಗ ಮುಂದಿನ ಕನ್ನಡಿಯಲ್ಲಿ ಹೆಂಡತಿಯ ಕಣ್ಣು ನೇರವಾಗಿ ಇವನ ಮೇಲೇ ಇತ್ತು. ಅವಳು ಗೇರ್ ಬದಲಿಸಿ ಬಸ್ಸನ್ನು ಮುಂದಕ್ಕೆ ಬಿಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹೆಡ್‌ಮಾಸ್ಟರು ಬಾಗಿಲು ತೆರೆದದ್ದು ಅದೇ ಕೋಟಿನಲ್ಲಿ.

"ಬಾರಯ್ಯ. ತೋಳು ಸ್ವಲ್ಪ ಉದ್ದ ಆಗಿದೆ. ವಯಸ್ಸಾದ ಮೇಲೆ ಕೈ ಗಿಡ್ಡ ಆಗುತ್ತೇನೋ ಅಂದ್ಕೊಂಡೆ."

"ಸಾರ್, ಕ್ಷಮಿಸಿ, ಅದು ನನ್ನ ಕೋಟು."

"ಅದೊಂದೇ ಅಲ್ಲ. ಎಡಗಡೆ ಎದೆ ಭಾರ. ವಾರದಿಂದ ಒಂದೇ ಸಮ. ಆಸ್ಪತ್ರೆಗೂ ಹೋದೆ. ಅಂಗಿ ಕೋಟು ಬಿಚ್ಚಿಸಿ ಇ.ಸಿ.ಜಿ. ತೆಗೆದ್ರು, ಏನೂ ಇಲ್ಲ ಅಂದ್ರು. ಕೋಟು ಹಾಕ್ಕೊಂಡು ಹೊರಗೆ ಬಂದ್ರೆ ಮತ್ತೆ ಭಾರ! ಮಗಳಿಗೆ ಮನೆ ಪತ್ರ ಎಲ್ಲಿದೆ ಅಂತ ಕೂಡ ತೋರ್ಸಿಬಿಟ್ಟೆ ಕಣಯ್ಯ."

ದರ್ಜಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಇದ್ದ ವಿಷಯ ಹೇಳಿ, ಕೋಟನ್ನು ಮೇಜಿನ ಮೇಲೆ ಹರಡಿ, ಜೇಬಿನ ಬಾಯಿ ಹುಡುಕಿದ. ಸಿಗಲಿಲ್ಲ. ಹೊಲಿದವನಿಗೇ ಸಿಗಲಿಲ್ಲ. ಹತ್ತು ನಿಮಿಷ ತಡಕಾಡಿ, ಬೆವೆತು, ಕೊನೆಗೆ ತನ್ನ ಜೀವಮಾನದ ಅತ್ಯುತ್ತಮ ಕೆಲಸವನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿದ. ಹೊರಬಿದ್ದ ಎರಡು ಪಾಸ್‌ಪೋರ್ಟುಗಳನ್ನು ಹೆಡ್‌ಮಾಸ್ಟರು ಅಂಗೈಯಲ್ಲಿ ತೂಗಿ ನೋಡಿದರು.

"ಇಷ್ಟೇನಾ? ಇಷ್ಟಕ್ಕೆ ನಾನು ಸಾಯೋಕೆ ಹೊರಟಿದ್ನಲ್ಲಯ್ಯ!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅದರಲ್ಲಿ ಸ್ವಲ್ಪ ನೀರು ನಗುವಿನದಲ್ಲ ಎಂದು ದರ್ಜಿಗೆ ತೋರಿತು.

ಕೊನೆಯ ಸ್ಟಾಪಿನಲ್ಲಿ ಬಸ್ಸು ಖಾಲಿ ನಿಂತಿತ್ತು. ಹೆಂಡತಿ ಸ್ಟೀರಿಂಗಿನ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. ಈ ಸಲ ಅವನು ಮುಂದಿನ ಬಾಗಿಲಿಂದ ಹತ್ತಿದ. ಒಂದನ್ನೂ ಬಿಡದೆ ಹೇಳಿದ. ಇ.ಸಿ.ಜಿ. ಮಾತು ಬಂದಾಗ ಅವಳು ಹಾರ್ನ್ ಮೇಲೆ ಬಿದ್ದು ನಕ್ಕಳು, ಟ್ಯಾಂಕಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿದವು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಂದ್ರೆ ಅಲ್ಲೂ ನಾನೇ ಎದ್ದು ಓಡಾಡ್ಬೇಕು ಅಲ್ವಾ ರೀ?" ಎಂದಳು. ಬೈಗುಳವಿರಲಿಲ್ಲ, ಬರೀ ದಣಿವಿತ್ತು.

"ಇಲ್ಲ" ಎನ್ನಲು ಅವನು ಬಾಯಿ ತೆರೆದ. ಆದರೆ ಇನ್ನೊಂದು ಸುಳ್ಳು ಮಾತು ಕೊಡುವ ಧೈರ್ಯ ಆಗಲಿಲ್ಲ.

"ನಾನು ದಾರಿ ತಪ್ತೀನಿ ಕಣೇ. ಖಂಡಿತ ತಪ್ತೀನಿ. ಯಾವುದೋ ರೈಲೂ ಹತ್ತಿಸ್ತೀನಿ. ಆದ್ರೆ ಇವತ್ತು ನಿನ್ನ ಕರೀದೆ ನಾನೇ ಬಂದು ಕೇಳಿದ್ನಲ್ಲ, ಅಲ್ಲೂ ನಾನೇ ಹೋಗಿ ಕೇಳ್ತೀನಿ. ನಾನು ವಾಪಸ್ ಬರೋವರೆಗೆ ನೀನು ಕೂತಿರು, ಅಷ್ಟೇ."

ಅವಳು ಕನ್ನಡಿ ಬಿಟ್ಟು ನೇರವಾಗಿ ಅವನ ಕಡೆಗೇ ತಿರುಗಿದಳು.

"ಮೂರು ಥರ ಕ್ಷಮೆ ಕೇಳೋಕೆ ಬರುತ್ತಲ್ಲ, ಸಾಕು ಬಿಡಿ. ಆದ್ರೆ ಹೊರಡೋ ದಿನದವರೆಗೂ ಪಾಸ್‌ಪೋರ್ಟು ನನ್ನ ಹತ್ರ ಇರ್ಲಿ. ಕೊಡಿ ಇಲ್ಲಿ."

ಅವನು ಪಾಸ್‌ಪೋರ್ಟುಗಳನ್ನು ಕೊಟ್ಟ. ಅವಳು ಅರೆಕ್ಷಣ ಮೇಲೆದ್ದು, ಅವೆರಡನ್ನೂ ಸೀಟಿನ ಮೇಲಿಟ್ಟು, ಅವುಗಳ ಮೇಲೆಯೇ ಭದ್ರವಾಗಿ ಕೂತು ಬಸ್ ಹೊರಡಿಸಿದಳು. ಇಷ್ಟು ಸುಲಭದ ಜಾಗ ತನಗೆ ಯಾಕೆ ಹೊಳೆಯಲಿಲ್ಲ ಎಂದು ದರ್ಜಿ ಮಾರುಕಟ್ಟೆ ಬರುವವರೆಗೂ ಯೋಚಿಸುತ್ತಿದ್ದ.